ಓಟಿಪಿ ಅಪ್ಪನ ಫೋನಿಗೆ ಬರುತ್ತಿತ್ತು

ನಮ್ಮ ಮನೆಗೆ ಸಿಲಿಂಡರ್ ತರುವ ಹುಡುಗ ಗೇಟಿನ ಹತ್ತಿರ ನಿಂತೇ ಕೂಗುತ್ತಿದ್ದ, "ಅಮ್ಮಾ, ಓಟಿಪಿ ಹೇಳಿ!" ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ, ಶೋಕೇಸಿನಲ್ಲಿ ಚಾರ್ಜಿಗೆ ಹಾಕಿಟ್ಟ ಹಳೇ ಫೋನ್ ತೆಗೆದು, ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಂಕಿ ಓದಿ ಹೇಳುತ್ತಿದ್ದಳು. ಆ ಫೋನ್ ಅಪ್ಪನದು. ಅಪ್ಪ ಹೋಗಿ ಆಗ ಎರಡು ವರ್ಷವಾಗಿತ್ತು.

ಆ ನಂಬರಿಗೆ ಬೇರೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಸಾಲ ಬೇಕಾ ಅಂತ ಕೇಳುವವರು, ಸೈಟು ಕೊಳ್ತೀರಾ ಅಂತ ಕೇಳುವವರು, ಬಿಟ್ಟರೆ ಗ್ಯಾಸ್ ಏಜೆನ್ಸಿಯ ಮೆಸೇಜು. ಆದರೂ ಮೂರು ತಿಂಗಳಿಗೊಮ್ಮೆ ನಾನು ತಪ್ಪದೆ ರೀಚಾರ್ಜ್ ಮಾಡುತ್ತಿದ್ದೆ. ಯಾಕೋ ಅಂತ ಸ್ನೇಹಿತರು ಕೇಳಿದರೆ "ಗ್ಯಾಸ್ ಓಟಿಪಿ ಬರುತ್ತಲ್ಲ" ಅನ್ನುತ್ತಿದ್ದೆ. ಏಜೆನ್ಸಿಗೆ ಹೋಗಿ ಮೊಬೈಲ್ ನಂಬರ್ ಬದಲಾಯಿಸೋದು ದೊಡ್ಡ ಕೆಲಸವೇನಲ್ಲ. ಅದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ನಮ್ಮ ರಸ್ತೆಗೆ ಗ್ಯಾಸ್ ಪೈಪ್ ಬಂತು.

ನಲ್ಲಿ ನೀರಿನ ಥರ

ಬೆಂಗಳೂರಿನಲ್ಲಿ ರಸ್ತೆ ಅಗೆದರೆ ಯಾರೂ ಕಾರಣ ಕೇಳುವುದಿಲ್ಲ. ನೀರಿನವರೋ, ಕೇಬಲಿನವರೋ ಇರಬೇಕು ಅಂದುಕೊಂಡು ಗಾಡಿಯನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ ಮನೆಗೆ ನಡೆದು ಬರುತ್ತೇವೆ. ನಾನೂ ಹಾಗೇ ಮಾಡಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಇಬ್ಬರು ಹುಡುಗರು ಫಾರಂ ಹಿಡಿದುಕೊಂಡು ಬಂದರು. "ಸಾರ್, ಪೈಪ್‌ಲೈನ್ ಗ್ಯಾಸ್. ಬುಕ್ ಮಾಡೋ ತಲೆನೋವಿಲ್ಲ, ಕಾಯೋದಿಲ್ಲ. ನಲ್ಲಿ ನೀರಿನ ಥರ ಬರ್ತಾನೇ ಇರುತ್ತೆ."

"ನಲ್ಲಿ ನೀರು ಎರಡು ದಿನಕ್ಕೊಂದ್ಸಲ ಬರುತ್ತಪ್ಪ ಇಲ್ಲಿ" ಅಂದಳು ಅಮ್ಮ ಒಳಗಿಂದ.

ನಾನು ಮಾತ್ರ ಖುಷಿಯಾದೆ. ಮನೆಯಿಂದಲೇ ಕೆಲಸ ಮಾಡುವ ದಿನ, ಮೀಟಿಂಗ್ ನಡೆಯುತ್ತಿರುವಾಗಲೇ "ಲೋ, ಗ್ಯಾಸ್ ಖಾಲಿ ಆಯ್ತು, ಬಂದು ಬದಲಾಯ್ಸು" ಅಂತ ಕೂಗಿಸಿಕೊಂಡವನು ನಾನು. ಅಮ್ಮನಿಗೆ ಮಂಡಿನೋವು. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆ.ಜಿ., ಅದರ ಮೇಲೆ ಕಬ್ಬಿಣದ ತೂಕ ಬೇರೆ. ನಾನಿಲ್ಲದ ದಿನ ಅದನ್ನು ಉರುಳಿಸಿಕೊಂಡು ಬಂದು ಅವಳೇ ಜೋಡಿಸುತ್ತಿದ್ದಳು. ಇಷ್ಟು ಕಾರಣ ಸಾಕಲ್ಲ?

ಈ ಗ್ಯಾಸ್ ಎಲ್ಲಿಂದ ಬರುತ್ತೆ ಅಂತ ಕುತೂಹಲಕ್ಕೆ ಹುಡುಕಿ ಓದಿದೆ. ಮಹಾರಾಷ್ಟ್ರದ ಕರಾವಳಿಯ ದಾಭೋಲ್‌ನಿಂದ ಬೆಂಗಳೂರಿನವರೆಗೆ ಸುಮಾರು 1000 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವಿದೆ, 2013ರಲ್ಲಿ ಶುರುವಾದದ್ದು. ಹೊರದೇಶಗಳಿಂದ ಹಡಗಿನಲ್ಲಿ ಬರುವ ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿವರೆಗೆ ತಣ್ಣಗೆ ಮಾಡಿ ದ್ರವ ಮಾಡಿರುತ್ತಾರೆ. ಹಾಗೆ ಮಾಡಿದರೆ ಅದು 600ರಲ್ಲಿ ಒಂದು ಪಾಲಿನಷ್ಟು ಜಾಗದಲ್ಲಿ ಹಿಡಿಸುತ್ತೆ. ದಡದಲ್ಲಿ ಅದನ್ನು ಮತ್ತೆ ಅನಿಲ ಮಾಡಿ ಕೊಳವೆಗೆ ಬಿಡುತ್ತಾರೆ. ಮಂಗಳೂರಿನ ಕಡೆಯವರಿಗೆ ಕೊಚ್ಚಿಯಿಂದ ಬರುವ ಇನ್ನೊಂದು ಮಾರ್ಗವಿದೆ, ಅದು ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ.

ಇದನ್ನೆಲ್ಲ ರಾತ್ರಿ ಊಟದ ಹೊತ್ತಿನಲ್ಲಿ ಅಮ್ಮನಿಗೆ ಉತ್ಸಾಹದಿಂದ ಹೇಳಿದೆ. ಅಮ್ಮ ಅನ್ನಕ್ಕೆ ಸಾರು ಬಡಿಸುತ್ತಾ "ನಂಗೆ ಬೇಡ" ಅಂದಳು.

ಅಮ್ಮನ ವಾದ

"ಸಿಲಿಂಡರ್ ಆದ್ರೆ ಕಣ್ಣಿಗೆ ಕಾಣುತ್ತೆ. ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ ಮಲಗ್ತೀನಿ. ಇದು ನೆಲದೊಳಗಿಂದ ಬರ್ತಾನೇ ಇರುತ್ತೆ ಅಂದ್ರೆ ನಿದ್ದೆ ಹೆಂಗೋ ಬರುತ್ತೆ?"

ಪ್ರಶ್ನೆ ನ್ಯಾಯವಾದದ್ದೇ. ನನ್ನ ಇಂಜಿನಿಯರಿಂಗ್ ಡಿಗ್ರಿಯನ್ನು ಮನೆಯಲ್ಲಿ ಉಪಯೋಗಿಸುವ ಅವಕಾಶ ಸಿಗೋದೇ ಅಪರೂಪ. ಹಾಗಾಗಿ ಕುರ್ಚಿ ಎಳೆದುಕೊಂಡು ಕೂತೆ.

ಪೈಪಿನ ಗ್ಯಾಸಿಗೂ ರಾತ್ರಿ ಆಫ್ ಮಾಡುವ ವಾಲ್ವ್ ಅಡುಗೆಮನೆಯೊಳಗೇ ಇರುತ್ತೆ, ಹೊರಗೆ ಮೀಟರಿನ ಹತ್ತಿರ ಇನ್ನೊಂದು. ಮನೆಯೊಳಗಿನ ಪೈಪಿನಲ್ಲಿ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್. ಅಂದರೆ ಎಷ್ಟು? ಬಿಂದಿಗೆಯಲ್ಲಿ ಒಂದು ಗೇಣು ನೀರು ತುಂಬಿದರೆ ತಳದಲ್ಲಿ ಎಷ್ಟು ಒತ್ತಡ ಬೀಳುತ್ತೋ ಹೆಚ್ಚುಕಡಿಮೆ ಅಷ್ಟೇ. ನಾವು ವರ್ಷಾನುಗಟ್ಟಲೆ ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದ ಸಿಲಿಂಡರಿನ ಒಳಗೆ ಅದರ ನೂರಾರು ಪಟ್ಟು ಒತ್ತಡ ಇರುತ್ತೆ.

ಇನ್ನೊಂದು ವ್ಯತ್ಯಾಸ ಇದೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿಕೊಂಡು ಮೂಲೆಯಲ್ಲಿ ನಿಂತುಬಿಡುತ್ತೆ. ಪೈಪಿನಲ್ಲಿ ಬರೋದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೆ ಹೋಗುತ್ತೆ. ಎರಡಕ್ಕೂ ತಮ್ಮದೇ ವಾಸನೆ ಅಂತ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಕೆಟ್ಟ ವಾಸನೆಯ ಮರ್ಕಾಪ್ಟಾನ್ ಬೆರೆಸಿರುತ್ತಾರೆ.

ಅಮ್ಮ ಎಲ್ಲ ಕೇಳಿಸಿಕೊಂಡಳು. ತಟ್ಟೆ ಎತ್ತಿಕೊಂಡು ಹೋಗುತ್ತಾ "ಹಂಗಾದ್ರೆ ಸಿಲಿಂಡರ್ ಏನ್ಮಾಡೋದು?" ಅಂದಳು.

"ವಾಪಸ್ ಕೊಡಬೇಕಂತೆ. ಫಾರಂನಲ್ಲೇ ಬರೆಸ್ಕೋತಾರೆ."

"ಅಪ್ಪನ ಪುಸ್ತಕಾನೂ?"

ಆಗ ಅರ್ಥವಾಯಿತು. ನಾನು ಮಿಲಿಬಾರ್ ಲೆಕ್ಕ ಹೇಳುತ್ತಾ ಕೂತಿದ್ದೆ. ಅಮ್ಮ ಯೋಚಿಸುತ್ತಿದ್ದದ್ದೇ ಬೇರೆ.

ನಾನೂ ಗ್ಯಾಸೂ ಒಂದೇ ವರ್ಷ

ಅಪ್ಪ ಅಮ್ಮ ಮದುವೆಯಾಗಿ ಬೆಂಗಳೂರಿಗೆ ಬಂದಾಗ ಇದ್ದದ್ದು ಒಂದು ರೂಮು, ಒಂದು ಪಂಪ್ ಸ್ಟವ್. ಹಾಸನದ ಹತ್ತಿರದ ಹಳ್ಳಿಯಲ್ಲಿ ಸೌದೆ ಒಲೆ ಊದಿ ಬೆಳೆದ ಅಮ್ಮನಿಗೆ ಅದೇ ದೊಡ್ಡ ಅನುಕೂಲ ಅನಿಸಿತ್ತಂತೆ. ಆದರೆ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಕ್ಯೂ ನಿಲ್ಲಬೇಕು, ಸ್ಟವ್ವಿಗೆ ಪಿನ್ ಹಾಕಿ ಹಾಕಿ ಬೆರಳೆಲ್ಲ ಕಪ್ಪು. ಅಪ್ಪ ಗ್ಯಾಸಿಗೆ ಹೆಸರು ಬರೆಸಿ ಬಂದರು. ಆಗ ಇವತ್ತಿನ ಹಾಗಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಮನೆಯವರು ಕಾದದ್ದು ನಾಲ್ಕು ವರ್ಷ.

"ನೀನೂ ಗ್ಯಾಸೂ ಒಂದೇ ವರ್ಷ ಮನೆಗೆ ಬಂದಿದ್ದು" ಅಂತ ಅಮ್ಮ ಈಗಲೂ ಹೇಳುತ್ತಾಳೆ. ಸಿಲಿಂಡರಿಗೆ ಅರಿಶಿನ ಕುಂಕುಮ ಇಟ್ಟು, ಹಾಲು ಉಕ್ಕಿಸಿ, ಪಕ್ಕದ ಮನೆಯವರಿಗೆಲ್ಲ ಪಾಯಸ ಕೊಟ್ಟಿದ್ದಳಂತೆ. ನನ್ನ ನಾಮಕರಣಕ್ಕೆ ಪಾಯಸ ಇತ್ತೋ ಇಲ್ಲವೋ ಕೇಳಿಲ್ಲ.

ಅವತ್ತಿನಿಂದ ಗ್ಯಾಸ್ ಪುಸ್ತಕ ಅಪ್ಪನ ಖಾತೆ. ಹೊಸ ಸಿಲಿಂಡರ್ ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಇಂಗ್ಲಿಷಿನಲ್ಲಿ ಒಂದು 'ಜಿ' ಬರೆಯುತ್ತಿದ್ದರು. ಎಷ್ಟು ದಿನ ಬಂತು ಅಂತ ಲೆಕ್ಕ. ನಾಲ್ಕು ದಿನ ಬೇಗ ಮುಗಿದರೆ "ಈ ಸಲ ತೂಕ ಕಡಿಮೆ ಇತ್ತು ಕಣೇ" ಅಂತ ಅವರು, "ನಿಮ್ಮ ಅಕ್ಕನ ಮನೆಯವರು ಎಂಟು ದಿನ ಇದ್ರಲ್ಲ" ಅಂತ ಅಮ್ಮ. ಅಪ್ಪ ಹೋದ ಮೇಲೂ ಅಮ್ಮ ಆ 'ಜಿ' ಬರೆಯುವುದನ್ನು ಬಿಟ್ಟಿರಲಿಲ್ಲ.

ಅವತ್ತು ರಾತ್ರಿ ನಾನು ಒತ್ತಾಯ ಮಾಡಲಿಲ್ಲ. ಎರಡು ವಾರ ಫಾರಂ ಫ್ರಿಜ್ಜಿನ ಮೇಲೇ ಇತ್ತು. ಆಮೇಲೆ ಒಂದು ದಿನ ನಾನು ಆಫೀಸಿನಲ್ಲಿದ್ದಾಗ ಗ್ಯಾಸ್ ಮುಗಿದು, ಅಮ್ಮ ಸಿಲಿಂಡರ್ ಎಳೆಯಲು ಹೋಗಿ ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದಳು. ನಾಲ್ಕನೇ ದಿನ ಅವಳೇ ಫಾರಂ ತಂದು ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟಳು.

"ನಿನ್ ಹೆಸರಲ್ಲೇ ಮಾಡ್ಸು."

ಯಾರ ಹೆಸರು?

ಫಾರಂನಲ್ಲಿ ಮೊದಲ ಸಾಲೇ 'ಗ್ರಾಹಕರ ಹೆಸರು'. ನಾನು ಯೋಚನೆ ಮಾಡದೆ ನನ್ನ ಹೆಸರು ಬರೆದೆ. ಮನೆ ಮಾಲೀಕತ್ವದ ದಾಖಲೆ ಕೇಳಿದ್ದರು, ತೆರಿಗೆ ರಸೀದಿಯೋ ಕರೆಂಟ್ ಬಿಲ್ಲೋ. ತೆಗೆದು ನೋಡಿದರೆ ಎಲ್ಲ ಅಪ್ಪನ ಹೆಸರಲ್ಲಿ. ಖಾತೆ, ಕರೆಂಟು, ನೀರು, ಗ್ಯಾಸು, ಎಲ್ಲವೂ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಈ ಮನೆಗೆ ಅಡ್ಮಿನ್ ಅಂತ ಇದ್ದದ್ದು ಅಪ್ಪ ಒಬ್ಬರೇ. ಉಳಿದವರೆಲ್ಲ ಗೆಸ್ಟ್ ಲಾಗಿನ್. ಎರಡು ವರ್ಷದಿಂದ ಪಾಸ್‌ವರ್ಡ್ ಇಟ್ಟುಕೊಂಡು ಸಿಸ್ಟಂ ನಡೆಸುತ್ತಿದ್ದೆವು.

ಏನೇನು ಕಾಗದ ಬೇಕು ಅಂತ ಕೇಳಲು ಶಿವಮೊಗ್ಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಸರ್ಕಾರಿ ಶಾಲೆಯ ಟೀಚರ್. ಕಾಗದ ಪತ್ರದಲ್ಲಿ ನನಗಿಂತ ಗಟ್ಟಿ.

"ಯಾರ ಹೆಸರಲ್ಲಿ ಮಾಡಿಸ್ತಿದೀಯ?"

"ನನ್ನ ಹೆಸರಲ್ಲಿ. ಅಮ್ಮನೇ ಹೇಳಿದ್ದು."

"ನೀನು ದಿನಾ ಅಡುಗೆ ಮಾಡ್ತೀಯಾ?"

ನಾನು ಭಾನುವಾರ ಮ್ಯಾಗಿ ಮಾಡುತ್ತೇನೆ ಅಂದೆ. ಅಕ್ಕ ನಗಲಿಲ್ಲ. "ನಮ್ ಸ್ಕೂಲಲ್ಲಿ ಬಿಸಿಯೂಟ ಮಾಡೋ ಅಕ್ಕಂಗೆ ಉಜ್ವಲದಲ್ಲಿ ಗ್ಯಾಸ್ ಬಂತು ನೋಡು, ಪುಸ್ತಕದಲ್ಲಿ ಅವಳ ಹೆಸರೇ ಇದೆ. ಮನೆಗೆ ಬಂದೋರಿಗೆಲ್ಲ ತೋರಿಸ್ತಿದ್ಲು. ನಮ್ಮಮ್ಮ ಅಷ್ಟು ವರ್ಷ ಒಲೆ ಮುಂದೆ ನಿಂತಿದಾಳೆ, ಒಂದು ಕಡೆನಾದ್ರೂ ಅವಳ ಹೆಸರಿದೆಯಾ?"

2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆಯಲ್ಲಿ ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿಗೇ ಕನೆಕ್ಷನ್ ಕೊಡಬೇಕು ಅಂತ ನಿಯಮ ಇದೆ. ಅದನ್ನು ಓದಿದಾಗ ಒಳ್ಳೆಯ ನಿಯಮ ಅಂದುಕೊಂಡಿದ್ದೆ. ನಮ್ಮ ಮನೆಗೆ ಅಂಥ ನಿಯಮ ಇರಲಿಲ್ಲ, ಹಾಗಾಗಿ ನನಗೆ ಹೊಳೆಯಲೂ ಇಲ್ಲ.

ಹೊಸ ಫಾರಂ ತಂದು ಅಮ್ಮನ ಹೆಸರು ಬರೆದೆ. ಮೊಬೈಲ್ ನಂಬರಿನ ಜಾಗದಲ್ಲಿ ಅಮ್ಮನ ನಂಬರ್. ಅಮ್ಮ "ಇದೆಲ್ಲ ನಂಗ್ಯಾಕೋ, ಆಮೇಲೆ ಫೋನ್ ಬಂದ್ರೆ ನಾನೇನು ಮಾತಾಡ್ಲಿ" ಅಂದಳು. ಆದರೂ ಸಹಿ ಹಾಕುವಾಗ ಡೈನಿಂಗ್ ಟೇಬಲ್ ಒರೆಸಿ, ಪೇಪರಿನ ಕೆಳಗೆ ಇನ್ನೊಂದು ಪೇಪರ್ ಇಟ್ಟುಕೊಂಡು, ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು.

ಕಾಗದಗಳ ಕಥೆ

ಇಲ್ಲಿಂದ ಮುಂದಿನದನ್ನು ಬೇಗ ಮುಗಿಸುತ್ತೇನೆ, ಇಂಥದ್ದು ನಿಮ್ಮೆಲ್ಲರ ಮನೆಯಲ್ಲೂ ನಡೆದಿರುತ್ತೆ. ಅಪ್ಪನ ಮರಣ ಪ್ರಮಾಣಪತ್ರ ಇತ್ತು. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಬೇಕಾಯಿತು. ಅಕ್ಕನದೂ ನನ್ನದೂ 'ನಮ್ಮ ಆಕ್ಷೇಪಣೆ ಇಲ್ಲ' ಅಂತ ಪತ್ರ. ಅಮ್ಮನ ಆಧಾರ್‌ನಲ್ಲಿ ಇನಿಷಿಯಲ್ ಒಂದು ಥರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಎರಡೂ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತವಳು ತಾನು ತಾನೇ ಅಂತ ಛಾಪಾ ಕಾಗದದಲ್ಲಿ ಬರೆದುಕೊಟ್ಟಳು.

ಒಂದು ಅನುಕೂಲವೂ ಆಯಿತು. ಅದೇ ಕಾಗದಗಳ ಇನ್ನೊಂದು ಸೆಟ್ ಮಾಡಿಸಿ ಖಾತೆ ಬದಲಾವಣೆಗೂ ಅರ್ಜಿ ಹಾಕಿದೆವು. ಎರಡು ವರ್ಷದಿಂದ 'ಮಾಡ್ಬೇಕು, ಮಾಡ್ಬೇಕು' ಅಂತ ಮುಂದೂಡಿದ್ದ ಕೆಲಸ ಗ್ಯಾಸಿನ ನೆಪದಲ್ಲಿ ಆಯಿತು.

ಯುಗಾದಿ ಹೊತ್ತಿಗೆ ಗೋಡೆಗೆ ಪೈಪ್ ಹಾಕುವವರು ಬಂದರು. ಹೊರಗೋಡೆಯ ಮೇಲೆ ಹಳದಿ ಬಣ್ಣದ ಕಬ್ಬಿಣದ ಪೈಪು, ಅದಕ್ಕೊಂದು ಮೀಟರು, ಅಡುಗೆಮನೆ ಗೋಡೆಗೆ ಒಂದು ತೂತು, ಒಳಗೆ ವಾಲ್ವು. ಪೈಪನ್ನು ಒಲೆಯ ಕೆಳಗಿನ ಕಬೋರ್ಡಿನೊಳಗೆ ಅಡಗಿಸಿಬಿಡಿ, ನೋಡೋಕೆ ಚೆನ್ನಾಗಿರುತ್ತೆ ಅಂದೆ. ಕೆಲಸದ ಮೇಸ್ತ್ರಿ ನನ್ನನ್ನು ಒಂದು ಥರ ನೋಡಿದರು. "ಸಾರ್, ಗ್ಯಾಸ್ ಪೈಪು ಕಣ್ಣಿಗೆ ಕಾಣ್ಬೇಕು, ಗಾಳಿ ಆಡ್ಬೇಕು. ಮುಚ್ಚಿದ ಜಾಗದಲ್ಲಿ ಹಾಕಂಗಿಲ್ಲ."

ಅಮ್ಮ ನನ್ನ ಕಡೆ ತಿರುಗಿ "ಕಣ್ಣಿಗೆ ಕಾಣ್ಬೇಕು ಅಂತ ನಾನೂ ಅದನ್ನೇ ಹೇಳಿದ್ದು" ಅಂದಳು.

ಆಮೇಲೆ ಅವರು ತಲೆ ಎತ್ತಿ ನೋಡಿದರು. ಪಾರಿವಾಳ ಬರುತ್ತೆ ಅಂತ ಅಮ್ಮ ವೆಂಟಿಲೇಟರಿಗೆ ರಟ್ಟು ಅಂಟಿಸಿದ್ದಳು. ಅದನ್ನು ತೆಗೆಸಿ ಜಾಲರಿ ಹಾಕಿಸೋವರೆಗೆ ಗ್ಯಾಸ್ ಬಿಡಲ್ಲ ಅಂದರು. ಹಗುರವಾದ ಗ್ಯಾಸ್ ಸೋರಿದರೆ ಮೇಲೇ ತಾನೇ ಸೇರೋದು. ಈ ಲೆಕ್ಕ ನಾನೇ ಅಮ್ಮನಿಗೆ ಪಾಠ ಮಾಡಿದ್ದೆ, ಆದರೆ ಎದುರಿಗಿದ್ದ ರಟ್ಟು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪೈಪ್ ಬಂದ ಮೇಲೆ ಗ್ಯಾಸ್ ಬರಲು ಇನ್ನೂ ನಾಲ್ಕು ತಿಂಗಳು. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಸಾರ್". ರಸ್ತೆಯ ಕೊನೆಯಲ್ಲಿ ಇನ್ನೂ ಒಂದಿಷ್ಟು ದೂರ ಅಗೆಯಲು ಅನುಮತಿ ಸಿಕ್ಕಿರಲಿಲ್ಲವಂತೆ. ಖಾಲಿ ಪೈಪಿನ ಮೇಲೆ ಅಮ್ಮ ಅಡುಗೆಮನೆ ಬಟ್ಟೆ ಒಣಗಿಸಲು ಶುರು ಮಾಡಿದ್ದಳು.

ಹಾಲು ಉಕ್ಕಿತು

ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರ ಇರುವಾಗ ಗ್ಯಾಸ್ ಬಿಡುವವರು ಬಂದರು. ಮೊದಲು ಪೈಪಿಗೆ ಬರೀ ಗಾಳಿ ತುಂಬಿ, ಒತ್ತಡ ಇಳಿಯುತ್ತಾ ಅಂತ ಗೇಜ್ ಇಟ್ಟು ನೋಡಿದರು. ಒಂದು ಜಾಯಿಂಟಿನಲ್ಲಿ ಇಳಿಯುತ್ತಿತ್ತು. ಸೋಪಿನ ನೀರು ಹಚ್ಚಿದರೆ ಸಣ್ಣಗೆ ಗುಳ್ಳೆ. ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಪರೀಕ್ಷೆ. ಅಮ್ಮ ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. ಒಂದೂ ಗುಳ್ಳೆ ಬಾರದೇ ಇದ್ದ ಮೇಲೆ ಅವರಿಗೆ ಕಾಫಿ ಕೊಟ್ಟಳು.

ಆಮೇಲೆ ಒಲೆ ಬಿಚ್ಚಿ ಬರ್ನರಿನ ಕೆಳಗಿನ ಜೆಟ್ ಬದಲಾಯಿಸಿದರು. ಇದು ಬಹಳ ಜನಕ್ಕೆ ಗೊತ್ತಿರಲ್ಲ. ಅಷ್ಟೇ ಗಾತ್ರದ ಎಲ್‌ಪಿಜಿಗೆ ಹೋಲಿಸಿದರೆ ನೈಸರ್ಗಿಕ ಅನಿಲದಲ್ಲಿ ಶಾಖ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಅಷ್ಟೇ ಉರಿ ಬೇಕಾದರೆ ಹೆಚ್ಚು ಗ್ಯಾಸ್ ಬರಬೇಕು, ಜೆಟ್ಟಿನ ತೂತು ದೊಡ್ಡದಿರಬೇಕು. ಹಳೇ ಜೆಟ್ಟಿನಲ್ಲೇ ಹಚ್ಚಿದರೆ ಉರಿ ಮಿಣಿಮಿಣಿ ಅನ್ನುತ್ತೆ. ಇದೇ ಕಾರಣಕ್ಕೆ, ಪೈಪಿನ ಗ್ಯಾಸಿಗೆ ಬದಲಾಯಿಸಿದ ಒಲೆಗೆ ಮತ್ತೆ ಸಿಲಿಂಡರ್ ಜೋಡಿಸಬಾರದು. ಉರಿ ವಿಪರೀತ ಏಳುತ್ತೆ, ಅಪಾಯ.

ಒಲೆ ಹಚ್ಚಿದರು. ನೀಲಿ ಉರಿ. ಅಮ್ಮ ಹತ್ತಿರ ಬಂದು ಅರಿಶಿನ ಕುಂಕುಮ ಇಟ್ಟು, ಪಾತ್ರೆ ತುಂಬ ಹಾಲಿಟ್ಟಳು. ಉಕ್ಕುವವರೆಗೂ ಯಾರೂ ಮಾತಾಡಲಿಲ್ಲ.

ಮಾರನೇ ದಿನದಿಂದ ಶುರು. "ಇದ್ರಲ್ಲಿ ಉರಿನೇ ಸಾಲ್ದು", "ಮುದ್ದೆಗೆ ಎಸರು ಕಾಯೋದ್ರಲ್ಲಿ ಹೊತ್ತು ಮುಳುಗುತ್ತೆ." ನಾನು ಒಂದು ಲೀಟರ್ ನೀರಿಟ್ಟು ಸ್ಟಾಪ್‌ವಾಚ್ ಹಿಡಿದು ಅಳೆಯಲು ಹೊರಟೆ. ಆದರೆ ಸಿಲಿಂಡರಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಯಾರೂ ಅಳೆದಿಟ್ಟಿರಲಿಲ್ಲ. ಒಂದು ತಿಂಗಳಿಗೆ ದೂರು ತಾನಾಗೇ ನಿಂತಿತು.

ಸಿಲಿಂಡರ್ ವಾಪಸ್ ಕೊಡಲು ಅಮ್ಮನೂ ನನ್ನ ಜೊತೆ ಏಜೆನ್ಸಿಗೆ ಬಂದಳು. ಸಿಲಿಂಡರು, ರೆಗ್ಯುಲೇಟರು, ಮೊದಲ ಸಲ ಕೊಟ್ಟಿದ್ದ ವೋಚರು. ಆ ವೋಚರನ್ನು ಅಪ್ಪ ಎಲ್‌ಐಸಿ ಪಾಲಿಸಿಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದರು, ಅಂಚು ಕೂಡ ಹರಿದಿರಲಿಲ್ಲ. ಅವತ್ತು ಕಟ್ಟಿದ್ದ ಡಿಪಾಸಿಟ್ ಅಷ್ಟೇ ವಾಪಸ್ ಬರುತ್ತೆ, ಬಡ್ಡಿ ಇಲ್ಲ. ಈಗಿನ ಕಾಲಕ್ಕೆ ಅದು ನಾವಿಬ್ಬರು ಹೋಟೆಲಿಗೆ ಹೋಗಿ ಊಟ ಮಾಡಿ ಬರುವಷ್ಟು ಹಣ. ಆ ದಿನಗಳಲ್ಲಿ ಅದಕ್ಕಾಗಿ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು ಅಂತ ಅಮ್ಮ ಆಟೋದಲ್ಲಿ ಹೇಳಿದಳು. ಅಷ್ಟು ವರ್ಷದಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ.

ಗ್ಯಾಸ್ ಪುಸ್ತಕವನ್ನು ಇಟ್ಕೊಳ್ಳಲಾ ಅಂತ ಅಮ್ಮ ಕೌಂಟರಿನಲ್ಲಿ ಕೇಳಿದಳು. ಅವರು ಅಡ್ಡ ಗೆರೆ ಎಳೆದು, ಸೀಲ್ ಹಾಕಿ, ವಾಪಸ್ ಕೊಟ್ಟರು.

"ಹೌದು, ನಾನೇ"

ಮೊದಲ ಬಿಲ್ ಬಂತು, ಅಮ್ಮನ ಫೋನಿಗೆ. ಅಮ್ಮನ ಪೂರ್ತಿ ಹೆಸರು, ಕೆಳಗೆ ಗ್ರಾಹಕರ ಸಂಖ್ಯೆ, ಬಳಕೆ 31 ಘನ ಮೀಟರ್. ನಾನು ಎಂದಿನಂತೆ ಕಟ್ಟಿಬಿಡಲು ಫೋನ್ ತೆಗೆದೆ.

"ತಡಿ" ಅಂದಳು ಅಮ್ಮ. ಎದ್ದು ಹೋಗಿ ಕ್ಯಾಲೆಂಡರ್ ತಂದಳು. ಗ್ಯಾಸ್ ಬಂದ ದಿನದಿಂದ ಪ್ರತಿ ಭಾನುವಾರದ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಮೀಟರ್ ರೀಡಿಂಗ್ ಬರೆದಿದ್ದಳು. ಎರಡು ತಿಂಗಳಿಗೆ ಅವಳ ಲೆಕ್ಕ 19.

ನಾನೂ ಲೆಕ್ಕ ಹಾಕಿದೆ. ಒಂದು 14.2 ಕೆ.ಜಿ. ಸಿಲಿಂಡರಿನ ಶಾಖಕ್ಕೆ ಸುಮಾರು 18 ಘನ ಮೀಟರ್ ಪೈಪಿನ ಗ್ಯಾಸ್ ಸಮ. ನಮ್ಮಿಬ್ಬರಿಗೆ ಒಂದು ಸಿಲಿಂಡರ್ ಎರಡು ತಿಂಗಳು ಬರುತ್ತಿತ್ತು. ಅಂದರೆ ಅಮ್ಮನ 19 ಸರಿ, ಬಿಲ್ಲಿನ 31 ತಪ್ಪು. ರೀಡಿಂಗ್ ತಗೊಳ್ಳಲು ಯಾರೂ ಬಂದಿರಲಿಲ್ಲ, ಅಂದಾಜಿನ ಮೇಲೆ ಬಿಲ್ ಮಾಡಿದ್ದರು.

ನಾನೇ ಫೋನ್ ಮಾಡಿದೆ. ಆ ಕಡೆಯವರು "ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರೇ ಮಾತಾಡಬೇಕು ಸಾರ್" ಅಂದರು. ಅಮ್ಮನಿಗೆ ಕೊಟ್ಟೆ. ಸ್ಪೀಕರ್ ಆನ್ ಇತ್ತು.

"ಗ್ರಾಹಕರು ನೀವೇನಾ ಮೇಡಂ?"

ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಅಪ್ಪ ಇದ್ದಾಗ ಇಂಥ ಫೋನ್ ಬಂದರೆ "ಯಜಮಾನ್ರು ಆಫೀಸಿಗೆ ಹೋಗಿದಾರೆ, ಸಂಜೆ ಮಾಡಿ" ಅಂತ ಇಟ್ಟುಬಿಡುತ್ತಿದ್ದಳು.

"ಹೌದು, ನಾನೇ" ಅಂದಳು. ಆಮೇಲೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ತಾರೀಖು ಸಮೇತ ಒಂದೊಂದೇ ಅಂಕಿ ಓದಿದಳು. ಅವರು ಮೀಟರಿನ ಫೋಟೋ ಕಳಿಸಿ ಅಂದರು. ಫೋಟೋ ತೆಗೆದದ್ದೂ ಅವಳೇ. ಸ್ವಲ್ಪ ಓರೆಯಾಗಿತ್ತು, ಆದರೆ ಅಂಕಿ ಕಾಣುತ್ತಿತ್ತು. ನಾಲ್ಕು ದಿನಕ್ಕೆ ತಿದ್ದಿದ ಬಿಲ್ ಬಂತು.

ನಿಮ್ಮ ಮನೆಗೂ ಪೈಪ್ ಬರುವುದಿದ್ದರೆ

• ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಳ್ಳಿ.

• ಪೈಪಿನಲ್ಲಿ ಗ್ಯಾಸ್ ಬಂದು, ಒಲೆ ಸರಿಯಾಗಿ ಉರಿಯೋದು ನೋಡುವವರೆಗೆ ಸಿಲಿಂಡರ್ ವಾಪಸ್ ಕೊಡಬೇಡಿ. ನಮಗೆ ನಾಲ್ಕು ತಿಂಗಳು ಕಾಯಬೇಕಾಯಿತು.

• ಎಷ್ಟು ಮೀಟರ್ ಪೈಪಿನವರೆಗೆ ಶುಲ್ಕದಲ್ಲೇ ಸೇರಿದೆ, ಮೇಲೆ ಹೋದರೆ ಮೀಟರಿಗೆ ಎಷ್ಟು ಅಂತ ಗೋಡೆ ಕೊರೆಯುವ ಮುಂಚೆಯೇ ಕೇಳಿ.

• ಅಡುಗೆಮನೆಯಲ್ಲಿ ಮೇಲುಗಡೆ ಗಾಳಿ ಹೋಗಲು ದಾರಿ ಇರಲಿ. ಜೆಟ್ ಬದಲಾಯಿಸುವುದು, ಪೈಪ್ ಸರಿಸುವುದು ನಾವೇ ಮಾಡುವ ಕೆಲಸವಲ್ಲ.

• ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆಫ್ ಮಾಡಲೂ ಕೂಡ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಫೋನ್ ಮಾಡಿ. ಕಂಪನಿಯ ತುರ್ತು ನಂಬರನ್ನು ಬಾಗಿಲಿನ ಹಿಂದೆ ಅಂಟಿಸಿ. ಸಿಲಿಂಡರ್ ಇರುವವರಿಗೆ ಸೋರಿಕೆಯ ಸಹಾಯವಾಣಿ 1906.

• ಮನೆಯ ಬಿಲ್ಲುಗಳನ್ನೆಲ್ಲ ಒಮ್ಮೆ ತೆಗೆದು ಯಾವುದು ಯಾರ ಹೆಸರಲ್ಲಿದೆ ಅಂತ ನೋಡಿ. ಎಲ್ಲರೂ ಚೆನ್ನಾಗಿರುವಾಗಲೇ ನೋಡಿ. 'ಗ್ರಾಹಕರ ಹೆಸರು' ಅನ್ನುವ ಜಾಗದಲ್ಲಿ ಪೆನ್ನು ಇಡುವ ಮುಂಚೆ ಅಡುಗೆಮನೆ ಕಡೆ ಒಮ್ಮೆ ತಿರುಗಿ ನೋಡಿ. ನಾನು ನೋಡಿರಲಿಲ್ಲ.

ಅಪ್ಪನ ಫೋನ್ ಈಗಲೂ ಶೋಕೇಸಿನಲ್ಲೇ ಇದೆ. ಇನ್ನು ಅದಕ್ಕೆ ಗ್ಯಾಸಿನ ಓಟಿಪಿ ಬರಲ್ಲ. ಹೋದ ವಾರ ರೀಚಾರ್ಜ್ ಮುಗೀತು ಅಂತ ಮೆಸೇಜ್ ಬಂದಾಗ ಏನು ಮಾಡಲಿ ಅಂತ ಅಮ್ಮನನ್ನು ಕೇಳಿದೆ. ಅವಳು ಒಲೆಯ ಮೇಲಿದ್ದ ರೊಟ್ಟಿ ಮಗುಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಮೂರು ತಿಂಗಳದ್ದು ಬೇಡ" ಅಂದಳು. "ಒಂದು ತಿಂಗಳದ್ದು ಹಾಕ್ಸು. ಆಮೇಲೆ ನೋಡಣ."